ಮಗ್ಗದ ಪಕ್ಕದ ಖಾಲಿ ಗುಂಡಿ

ಇದನ್ನು ಹೇಳುವುದನ್ನು ನಾನು ಬಹಳ ದಿನಗಳಿಂದ ಮುಂದೂಡುತ್ತ ಬಂದಿದ್ದೇನೆ. ಬೆಳಕು ಸಾಲದು, ಕನ್ನಡಕದ ಕಡ್ಡಿ ಸಡಿಲ, ಕೈಯಲ್ಲಿರುವ ಸೀರೆ ಹಬ್ಬದೊಳಗೆ ಮುಗಿಯಬೇಕು, ಹೀಗೆ ಒಂದಲ್ಲ ಒಂದು ನೆಪ ಸಿಗುತ್ತಿತ್ತು. ಅರ್ಧ ಸಂಗತಿಯನ್ನು ನಮ್ಮ ಓಣಿಯವರಿಗೆಲ್ಲ ನಾನೇ ಹೇಳಿದ್ದೇನೆ. ಹೇಳಿ ಒಳ್ಳೆಯ ಮುದುಕ ಅನ್ನಿಸಿಕೊಂಡಿದ್ದೇನೆ. ಉಳಿದ ಅರ್ಧವನ್ನು ಮನೆಯವರಿಗೂ ಹೇಳಿಲ್ಲ. ಅದನ್ನು ಬಚ್ಚಿಟ್ಟಿದ್ದರಿಂದ ಹೇಳಿದ ಅರ್ಧವೂ ಈಗ ನನಗೆ ಸುಳ್ಳಿನಂತೆ ಕೇಳುತ್ತದೆ.

ನಾನು ನಾರಾಯಣಪೇಟೆಯ ನೇಕಾರ. ರಾಯಚೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಹೈಸ್ಕೂಲು ಮುಗಿಸಿದೆ. ಅದಕ್ಕೇ ನನ್ನ ಓದು ಬರಹ ಕನ್ನಡದಲ್ಲಿ, ವ್ಯಾಪಾರ ತೆಲುಗಿನಲ್ಲಿ, ಸಿಟ್ಟು ಎರಡರಲ್ಲೂ. ಪರೀಕ್ಷೆ ಮುಗಿದ ಮೇಲೆ ಅಪ್ಪ ನನ್ನನ್ನು ಮಗ್ಗಕ್ಕೆ ಕೂರಿಸಿದ. ಅಂದಿನಿಂದ ಅಲ್ಲೇ ಇದ್ದೇನೆ.

ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರ ಅಂಚಿನ ಮೇಲೆ ನೇಕಾರ ಕೂರುತ್ತಾನೆ; ಕಾಲುಗಳು ಗುಂಡಿಯೊಳಗೆ, ತುಳಿಯುವ ಮಣೆಗಳ ಮೇಲೆ ಇರುತ್ತವೆ. ಎಡಗಾಲು ಒತ್ತಿದರೆ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ನೂಲಿನ, ಅರ್ಧ ಎಳೆಗಳು ಮೇಲೇಳುತ್ತವೆ, ಬಲಗಾಲು ಒತ್ತಿದರೆ ಉಳಿದರ್ಧ. ಆ ಸಂದಿಯಲ್ಲಿ ಅಡ್ಡ ನೂಲು ಹೊತ್ತ ಲಾಳಿ ಓಡುತ್ತದೆ. ಹಾಸಿನ ಎಳೆಗಳು ಮನೆಯ ಈ ಗೋಡೆಯಿಂದ ಆ ಗೋಡೆಯವರೆಗೆ, ಮಗುವಿನ ಕೈಗೆ ಎಟುಕುವಷ್ಟು ಎತ್ತರದಲ್ಲಿ ಬಿಗಿದು ನಿಂತಿರುತ್ತವೆ. ನಡೆಯಲು ಕಲಿತ ಕೂಸು ಮೊದಲು ಹೋಗಿ ಹಿಡಿಯುವುದೇ ಅದನ್ನು. ಒಮ್ಮೆ ಜಗ್ಗಿದರೆ ಕಡಿದ ಎಳೆಗಳನ್ನು ಗಂಟು ಹಾಕುವುದರಲ್ಲೇ ಇಡೀ ದಿನ ಹೋಗುತ್ತದೆ.

ಅದಕ್ಕೆ ನಮ್ಮ ಓಣಿಯಲ್ಲಿ ಒಂದು ರೂಢಿ ಇತ್ತು. ಎರಡು ಮಗ್ಗಗಳಿದ್ದ ಮನೆಯಲ್ಲಿ ಒಂದು ಖಾಲಿ ಇದ್ದರೆ, ಅದರ ಗುಂಡಿಯಲ್ಲಿ ಹಳೆಯ ಸೀರೆಗಳನ್ನು ಮೆತ್ತಗೆ ಹಾಸಿ ಕೂಸನ್ನು ಅಲ್ಲಿ ಬಿಡುವುದು. ಹತ್ತಿ ಬರಲಾರದು, ಎಳೆ ಹಿಡಿಯಲಾರದು, ಪಕ್ಕದಲ್ಲೇ ಕಣ್ಣ ಮುಂದೆ ಇರುತ್ತದೆ. ಕೂಸು ಹೊಸ್ತಿಲು ದಾಟುವ ಕಾಲಕ್ಕೆ ಎಲ್ಲರೂ ಅದನ್ನು ಎತ್ತಿ ಅಂಗಳಕ್ಕೆ ಬಿಡುತ್ತಿದ್ದರು. ನಾನು ಎತ್ತಲಿಲ್ಲ. ರೂಢಿ ತಪ್ಪು ಅನ್ನುವುದಿಲ್ಲ. ಅದನ್ನು ನಾನು ವರ್ಷಗಟ್ಟಲೆ ಎಳೆದೆ.

ಮೊದಲು ಎಳೆದದ್ದು ನನ್ನ ಮಗಳ ವಿಷಯದಲ್ಲಿ. ಅವಳು ಶಾಲೆಗೆ ಸೇರುವವರೆಗೂ ಹಗಲೆಲ್ಲ ಆ ಗುಂಡಿಯಲ್ಲೇ ಬೆಳೆದಳು. ಹೆಂಡತಿ ಪಕ್ಕದಲ್ಲಿ ಕೂತು ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಒಂದೆರಡು ಸಲ, ‘ಓಣ್ಯಾಗ ಹುಡುಗ್ರು ಕುಂಟಾಬಿಲ್ಲಿ ಆಡಾಕ ಹತ್ಯಾವು, ಇಕೀನ್ನೂ ಎತ್ತಿ ಬಿಡ್ರಿ’ ಅಂದಳು. ‘ಯಾಕ, ಅಳಾಕ ಹತ್ತ್ಯಾಳೇನು?’ ಅಂದೆ. ಮಗಳು ಅಳುತ್ತಿರಲಿಲ್ಲ. ಬಣ್ಣದ ನೂಲಿನ ತುಣುಕುಗಳನ್ನು ಸಾಲಾಗಿ ಜೋಡಿಸುತ್ತ ಕೂತಿರುತ್ತಿದ್ದಳು. ಸೀರೆ ಒಯ್ಯಲು ಬಂದ ಸಾವಕಾರರು ಬಗ್ಗಿ ನೋಡಿ, ‘ನಿಮ್ಮ ಕೂಸು ಏನು ಛಲೋ ಕುಂದರತೈತ್ರೀ’ ಅನ್ನುವರು. ನಾನು ಅದನ್ನು ಊರಿಗೆಲ್ಲ ಹೇಳಿದೆ. ಅವಳ ಎದುರಿಗೇ ಹೇಳಿದೆ. ಹೊಗಳಿಕೆಯ ರುಚಿ ಹತ್ತಿದ ಕೂಸು ಇನ್ನೂ ಚೆನ್ನಾಗಿ ಕೂತಿತು.

ಹೆಂಡತಿ ಈಗಿಲ್ಲ. ಮಗಳನ್ನು ಗದ್ವಾಲಕ್ಕೆ, ನೇಕಾರರ ಮನೆಗೇ ಕೊಟ್ಟಿದ್ದೇವೆ. ಮಗ ಸೀರೆಗಳನ್ನು ಹೈದರಾಬಾದಿನ ಅಂಗಡಿಗಳಿಗೆ ಮುಟ್ಟಿಸುತ್ತ ತಿರುಗುತ್ತಾನೆ. ಸೊಸೆ ಬಜಾರಿನಲ್ಲಿ ಹೊಲಿಗೆಯ ಅಂಗಡಿ ಇಟ್ಟಿದ್ದಾಳೆ. ಹಾಗಾಗಿ ಮೊಮ್ಮಗಳು ಹುಟ್ಟಿದಾಗ ಅವಳನ್ನು ನೋಡಿಕೊಳ್ಳುವ ಕೆಲಸ ನನ್ನದಾಯಿತು. ಎರಡನೆಯ ಮಗ್ಗ ಬಿಚ್ಚಿಟ್ಟು ವರ್ಷಗಳಾಗಿದ್ದವು. ಅದರ ಗುಂಡಿ ಹಾಗೇ ಇತ್ತು. ಸೀರೆ ಹಾಸಿ ಮೊಮ್ಮಗಳನ್ನು ಇಳಿಸಿದೆ. ಎರಡು ಗುಂಡಿಗಳ ನಡುವಿನ ಮಣ್ಣಿನ ಗೋಡೆಯಲ್ಲಿ ಅಪ್ಪನ ಕಾಲದಲ್ಲಿ ದೀಪ ಇಡಲು ಬಿಟ್ಟಿದ್ದ ಒಂದು ಕಿಂಡಿ ಇದೆ. ಅದರಿಂದ ಅವಳು ನನ್ನ ಪಾದಗಳನ್ನು ನೋಡುತ್ತಿದ್ದಳು. ಕೆಲವೊಮ್ಮೆ ಕೈ ತೂರಿಸಿ ನನ್ನ ಹೆಬ್ಬೆರಳನ್ನು ಹಿಡಿಯುತ್ತಿದ್ದಳು. ‘ಅಲ್ಲಾಡಬ್ಯಾಡವ್ವ, ಜಾಣಿ’ ಅನ್ನುತ್ತಿದ್ದೆ. ಬಿಡುತ್ತಿದ್ದಳು.

ಮೂರು ತುಂಬಿದ ಮೇಲೆ ಸೊಸೆ ಅವಳನ್ನು ಅಂಗನವಾಡಿಗೆ ಸೇರಿಸಿದಳು. ಓಣಿಯ ಕೊನೆಗೆ ಬೇವಿನ ಮರದ ಕೆಳಗೆ ಒಂದು ಕೋಣೆ, ಮುಂದೆ ಒಂದಿಷ್ಟು ಬಯಲು. ಅಲ್ಲಿನ ಟೀಚರಮ್ಮ ದಿನಾ ಮಕ್ತಲಿನಿಂದ ಬಸ್ಸಿಗೆ ಬರುತ್ತಿದ್ದಳು. ತೆಳ್ಳಗಿನ ಹೆಂಗಸು, ಸೆರಗನ್ನು ಸೊಂಟಕ್ಕೆ ಬಿಗಿದೇ ಇರುತ್ತಿದ್ದಳು. ಅವಳ ಪಾಠದ ರೀತಿ ನಮಗೆ ಯಾರಿಗೂ ತಿಳಿದದ್ದಲ್ಲ. ಒಂದು ವಾರ ಹೊಲ, ಒಂದು ವಾರ ಬಸ್ಸು, ಒಂದು ವಾರ ಹೊಳೆ. ಹೊಲದ ವಾರದಲ್ಲಿ ಮಕ್ಕಳು ಬುಟ್ಟಿಗೆ ಹುಣಸೆ ಬೀಜ ಎಸೆಯುತ್ತ ಬಿತ್ತುತ್ತಿದ್ದವು, ತೋಳು ಬೀಸಿ ಗುಬ್ಬಿ ಓಡಿಸುತ್ತಿದ್ದವು. ಬಸ್ಸಿನ ವಾರದಲ್ಲಿ ಒಬ್ಬರ ಸೊಂಟ ಒಬ್ಬರು ಹಿಡಿದು ಓಡಿ, ತಿರುವು ಬಂದಾಗ ಎಲ್ಲರೂ ಒಂದೇ ಕಡೆಗೆ ವಾಲಿ, ರೈಲ್ವೆ ಗೇಟು ಬಿದ್ದಾಗ ಒಂಟಿ ಕಾಲಲ್ಲಿ ನಿಲ್ಲಬೇಕು. ‘ಗೇಟ್ ತೆಗದಾರೇನು?’ ‘ಇನ್ನಾ ಇಲ್ಲ, ಗೂಡ್ಸ್ ಗಾಡಿ ಬರಾಕ ಹತ್ತೈತಿ.’ ಅಷ್ಟರಲ್ಲಿ ಅರ್ಧ ಬಸ್ಸು ನೆಲಕ್ಕೆ ಉರುಳಿರುತ್ತಿತ್ತು.

ನನ್ನ ಮೊಮ್ಮಗಳು ಆ ಬಸ್ಸಿನಲ್ಲಿ ಇರುತ್ತಿರಲಿಲ್ಲ. ಕಟ್ಟೆಯ ಮೇಲೆ ಕೈ ಮಡಚಿ ಕೂತಿರುತ್ತಿದ್ದಳು. ಅವಳಿಗೆ ಎರಡು ಕಾಲು ಕೂಡಿಸಿ ಜಿಗಿಯಲು ಬರುತ್ತಿರಲಿಲ್ಲ. ಹೊಸ್ತಿಲು ದಾಟುವಾಗ ಬಾಗಿಲು ಹಿಡಿಯಬೇಕು. ಓಡಿದರೆ ನಾಲ್ಕು ಹೆಜ್ಜೆಯೊಳಗೆ ಮುಗ್ಗರಿಸುವಳು, ಬೀಳುವಾಗ ಕೈ ಮುಂದೆ ಬರುತ್ತಿರಲಿಲ್ಲ; ಮುಖವೇ ಮೊದಲು. ಮಕ್ಕಳು ‘ಗೊಂಬಿ’ ಅಂತ ಹೆಸರಿಟ್ಟಿದ್ದವು. ಅದನ್ನು ಕೇಳಿ ನಾನು ಸಂತೋಷಪಟ್ಟೆ. ಗೊಂಬೆ ಚೆಂದವಿರುತ್ತದಲ್ಲ ಎಂದುಕೊಂಡೆ.

ಒಂದು ದಿನ ಟೀಚರಮ್ಮ ಮನೆಗೆ ಬಂದಳು. ಗುಂಡಿಯ ಅಂಚಿನಲ್ಲಿ ಕೂತು ಒಳಗೆ ನೋಡಿದಳು. ಮೊಮ್ಮಗಳ ನೂಲಿನ ತುಣುಕುಗಳು ಸಾಲಾಗಿದ್ದವು.

‘ಸಾಲಿ ಬಿಟ್ಟ ಮ್ಯಾಲೂ ಇಲ್ಲೇ ಇರತಾಳೇನ್ರಿ ತಾತಾ?’

‘ಮತ್ತ? ಹಾಸು ಹಾಕೀನಿ, ನೋಡವ್ವ. ಇಕಿ ಬಿಟ್ರ ನನ್ನ ಕೆಲಸ ಖಲಾಸ್.’

‘ಕಾಲು ಗಟ್ಟಿ ಅದಾವ್ರಿ ಹುಡುಗೀವು. ಏನೂ ಖೋಡಿ ಇಲ್ಲ. ಅವಕ್ಕ ಕೆಲಸ ಗೊತ್ತಿಲ್ಲ ಅಷ್ಟ.’ ಏಳುತ್ತ ಅಂದಳು, ‘ಮುಂದಿನ ವಾರ ಹೊಳಿ ಆಟ. ತಪ್ಪಿಸಬ್ಯಾಡ್ರಿ.’

ನಾನು ನಕ್ಕೆ. ಆಟಕ್ಕೆ ಯಾರಾದರೂ ಹಾಜರಿ ಕೇಳುತ್ತಾರೆಯೇ ಅನ್ನಿಸಿತು.

ಹೊಳೆಯ ಆಟ ಹೀಗಿತ್ತು. ಬಯಲಿನಲ್ಲಿ ಸುಣ್ಣದಿಂದ ಎರಡು ದಂಡೆ ಬರೆದು ಅದು ಕೃಷ್ಣಾ ಹೊಳೆ ಅಂದಿದ್ದಳು. ನಡುವೆ ಇಟ್ಟಿಗೆಗಳು, ಅವು ಬಂಡೆ. ಗೋಣಿ ಚೀಲವೊಂದು ಪುಟ್ಟಿ, ಅಂದರೆ ಹರಿಗೋಲು. ಅದರಲ್ಲಿ ಒಂದು ಮಗು ಕೂತರೆ ಎರಡು ಮಕ್ಕಳು ಎಳೆಯಬೇಕು. ಕೆಲವರು ಹೊಟ್ಟೆಯ ಮೇಲೆ ತೆವಳುವ ಮೊಸಳೆಗಳು, ಕೆಲವರು ಒಂಟಿ ಕಾಲಿನ ಕೊಕ್ಕರೆಗಳು. ಉಳಿದವರು ಬಂಡೆಯಿಂದ ಬಂಡೆಗೆ ದಾಟಿ ಗದ್ವಾಲದ ಕಡೆಯ ದಂಡೆ ಸೇರಬೇಕು. ಮೊಮ್ಮಗಳು ಎರಡು ದಿನ ಕೊಕ್ಕರೆಯ ಕೈ ಹಿಡಿದು ದಡದಲ್ಲೇ ನಿಂತಳಂತೆ. ಮೂರನೆಯ ದಿನ ತಾನಾಗಿ ಒಂದು ಇಟ್ಟಿಗೆ ಹತ್ತಿದಳಂತೆ. ಎರಡನೆಯದಕ್ಕೆ ಕಾಲು ಚಾಚುವಾಗ ಬಿದ್ದಳು. ತುಟಿ ಒಡೆಯಿತು.

ರಕ್ತದ ಕಲೆಯ ಅಂಗಿಯಲ್ಲಿ ಅವಳನ್ನು ಅಂಗನವಾಡಿಯ ಆಯಮ್ಮ ಎತ್ತಿಕೊಂಡು ಬಂದಾಗ ನಾನು ಮಗ್ಗ ಬಿಟ್ಟೆದ್ದೆ. ಬಿಸಿಯೂಟದ ಹೊತ್ತು, ತಾಯಂದಿರು ಮಕ್ಕಳ ಪೌಷ್ಟಿಕ ಹಿಟ್ಟು ಒಯ್ಯಲು ಡಬ್ಬಿ ಹಿಡಿದು ಮರದ ಕೆಳಗೆ ಸೇರಿದ್ದರು. ಅವರೆಲ್ಲರ ಎದುರಿಗೆ ನಾನು ಟೀಚರಮ್ಮನನ್ನು ಬಾಯಿಗೆ ಬಂದಂತೆ ಅಂದೆ.

‘ಅಕ್ಷರ ಕಲಸಾಕ ಕೂಸು ಕೊಟ್ಟೀವಿ, ಮಂಗ್ಯಾ ಮಾಡಾಕಲ್ಲ. ಮಕ್ತಲದಾಗ ಹಿಂಗ ಕುಣಸತಾರೇನು? ದುಡಿಯೋ ಮಂದಿ ಮನಿ ಕೂಸು ಕುಂದರೂದು ಕಲೀಬೇಕು. ನನ್ನ ಮಗಳನ್ನ ಹೋಗಿ ನೋಡು ಗದ್ವಾಲದಾಗ. ಈ ಗುಂಡ್ಯಾಗ ಬೆಳದಾಕಿ. ಇವತ್ತಿನ ತನಕ ಒಂದು ಗಾಯ ಇಲ್ಲ ಮೈಮ್ಯಾಲ.’

ಟೀಚರಮ್ಮನ ಕೈಯಲ್ಲಿ ಹಿಟ್ಟಿನ ಸೌಟು ಇತ್ತು. ಅವಳು ಅದನ್ನು ಪಾತ್ರೆಯಲ್ಲಿಟ್ಟು, ‘ಔಷಧ ಹಚ್ಚೀನ್ರಿ ತಾತಾ. ಹಲ್ಲಿಗೆ ಪೆಟ್ಟಾಗಿಲ್ಲ’ ಅಂದಳು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ಮಕ್ಕಳು ನೋಡಿದವು. ನಾನೂ ನೋಡಿದೆ.

ಸಂಜೆ ಸೊಸೆ ಸಿಟ್ಟಾದಳು. ‘ತುಟಿ ಒಡದೈತಿ ಅಷ್ಟ, ಮಾವಾರ. ನಾವ್ಯಾರೂ ಬೀಳಲಾರದ ದೊಡ್ಡವರಾಗೀವೇನು?’

‘ನಿನ್ನ ನಾದಿನಿ ಆಗ್ಯಾಳ’ ಅಂದೆ.

ಸೊಸೆ ನನ್ನನ್ನು ಒಂದು ಕ್ಷಣ ನೋಡಿ ಒಳಗೆ ಹೋದಳು. ಆ ನೋಟದ ಅರ್ಥ ನನಗೆ ಗೊತ್ತಿತ್ತು. ಗದ್ವಾಲದ ಬೀಗಿತ್ತಿ ಸಿಕ್ಕಾಗಲೆಲ್ಲ ಒಂದು ತಮಾಷೆ ಮಾಡುತ್ತಾಳೆ: ‘ನಮ್ಮ ಸೊಸಿ ಮೆಟ್ಟಲ ಇಳಿಯೂದ್ರೊಳಗ ಬಸ್ಸು ಕರ್ನೂಲು ಮುಟ್ಟಿರತೈತಿ.’ ಎಲ್ಲರೂ ನಗುವರು, ಮಗಳೂ ನಗುವಳು, ನಾನೂ ನಗುತ್ತಿದ್ದೆ. ಜುರಾಲಾ ಅಣೆಕಟ್ಟಿನ ಹತ್ತಿರ ಹೊಳೆಗೆ ಹೋದಾಗ ಬೀಗರೆಲ್ಲ ಪುಟ್ಟಿ ಹತ್ತಿದರು. ಮಗಳು ಎಲ್ಲರ ಚಪ್ಪಲಿ ಕಾಯುತ್ತ ದಂಡೆಯಲ್ಲಿ ಕೂತಳು. ಅವಳ ಮಗ ಒದ್ದೆ ಬಂಡೆಯ ಮೇಲೆ ಓಡಿದಾಗ ಹಿಂದೆ ಹೋಗಿ ಹಿಡಿಯಲು ಅವಳಿಂದಾಗಲಿಲ್ಲ, ಕೂತಲ್ಲಿಂದಲೇ ಕೂಗುತ್ತಿದ್ದಳು. ಅದನ್ನು ನಾನು ಸ್ವಭಾವ ಅಂದುಕೊಂಡಿದ್ದೆ. ಶಾಂತ ಸ್ವಭಾವದ ಹೆಣ್ಣುಮಗಳು ಎಂದು ನಾಲ್ಕು ಜನರಿಗೆ ಹೇಳಿಯೂ ಇದ್ದೆ.

ಆ ದಿನದಿಂದ ಮೊಮ್ಮಗಳನ್ನು ಅಂಗನವಾಡಿಗೆ ಕಳಿಸುವುದನ್ನು ಬಿಡಿಸಿದೆ. ನನ್ನನ್ನು ನೋಡಿ ಇನ್ನಷ್ಟು ಮನೆಯವರು ಬಿಡಿಸಿದರು. ಉಳಿದ ಮಕ್ಕಳನ್ನು ಟೀಚರಮ್ಮ ಒಳಗೆ ಕೂರಿಸಿ ಹಾಡು ಹೇಳಿಸತೊಡಗಿದಳು. ಬಯಲಿನ ಸುಣ್ಣದ ಹೊಳೆಯನ್ನು ಆಡುಗಳು ತುಳಿದು ಅಳಿಸಿದವು. ಓಣಿ ತಣ್ಣಗಾಯಿತು. ನನ್ನ ಮಗ್ಗದ ಸಪ್ಪಳ ನನಗೇ ಚೆನ್ನಾಗಿ ಕೇಳುತ್ತಿತ್ತು.

ಇನ್ನು ಮುಂದಿನದು ನಾನು ಯಾರಿಗೂ ಹೇಳದ ಭಾಗ.

ಮೊದಲ ಮಳೆ ಬಿದ್ದು ಎರಡು ದಿನವಾಗಿತ್ತು. ನೆಲದ ಬಿರುಕಿನಿಂದ ಹುಳುಹುಪ್ಪಟೆ ಹೊರಬರುವ ಕಾಲ. ನಾನು ಸೆರಗು ನೇಯುತ್ತಿದ್ದೆ. ಅಲ್ಲಿ ಕಣ್ಣು ಎತ್ತಲಾಗುವುದಿಲ್ಲ. ಪಕ್ಕದ ಗುಂಡಿಯಿಂದ ಮೊಮ್ಮಗಳು ಸಣ್ಣ ದನಿಯಲ್ಲಿ ‘ತಾತಾ’ ಅಂದಳು. ‘ಹೂಂ’ ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ ‘ತಾತಾ’ ಅಂದಳು. ‘ಜಾಣಿ, ಸುಮ್ನ ಕುಂದರು’ ಅಂದೆ. ಲಾಳಿ ಹೋಯಿತು, ಬಂತು. ಕಂಡಿಕೆ ತೀರಿತು. ಹೊಸದು ತೆಗೆದುಕೊಳ್ಳಲು ಹೊರಳಿದಾಗ ನೋಡಿದೆ. ಅವಳ ಮಡಚಿದ ಮೊಣಕಾಲಿನ ಮೇಲೆ, ಅಂಗಿಯ ಅಂಚಿನಲ್ಲಿ, ಒಂದು ಕರಿ ಚೇಳು ಇತ್ತು.

ಅವಳು ಅಲ್ಲಾಡಿರಲಿಲ್ಲ. ಕೈ ಎರಡನ್ನೂ ಎದೆಗೆ ಒತ್ತಿಕೊಂಡು, ಬಾಯಿ ಮುಚ್ಚಿ, ಅದನ್ನೇ ನೋಡುತ್ತಿದ್ದಳು.

ನಾನು ಏಳಲು ಹೋದೆ. ಬೆಳಗಿನಿಂದ ಗುಂಡಿಯಲ್ಲಿ ಇಳಿಬಿಟ್ಟ ಕಾಲು ಜೋಮು ಹಿಡಿದಿತ್ತು. ಅಂಚು ಹಿಡಿದು, ಹೊಟ್ಟೆಯ ಮೇಲೆ ಎಳೆದುಕೊಂಡು ಹೋಗಿ, ಕೈಗೆ ಸಿಕ್ಕ ಕಡ್ಡಿಯಿಂದ ಆ ಚೇಳನ್ನು ಎತ್ತಿ ಆಚೆ ಒಗೆದೆ. ಅದು ಕುಟುಕಿರಲಿಲ್ಲ. ಅವಳ ತೋಳು ಹಿಡಿದು ಮೇಲೆಳೆದೆ. ಅಷ್ಟರಲ್ಲಿ ನನಗೆ ಇನ್ನೊಂದು ಕಂಡಿತು. ಗುಂಡಿಯ ಅಂಚು ಈಗ ಅವಳ ಎದೆಯಷ್ಟೇ ಇತ್ತು. ಅವಳ ವಯಸ್ಸಿನ ಯಾವ ಮಗುವಾದರೂ ಕೈ ಊರಿ, ಮೊಣಕಾಲು ಏರಿಸಿ, ತಾನೇ ಹತ್ತಿ ಬರುತ್ತಿತ್ತು.

‘ಹತ್ತಿ ಬರಬೇಕಿಲ್ಲವ್ವ? ಯಾಕ ಕುಂತಿ?’

‘ನೀ ಅಲ್ಲಾಡಬ್ಯಾಡ ಅಂದಿದ್ದಿ’ ಅಂದಳು. ಆಮೇಲೆ ನೆನಪಾದವಳಂತೆ, ‘ನಂಗ ಹತ್ತಾಕ ಬರಂಗಿಲ್ಲ’ ಅಂದಳು.

ಅವಳು ಅಳಲೂ ಇಲ್ಲ. ಅದೇ ನನ್ನನ್ನು ಮುರಿದದ್ದು. ಅವಳ ಅಪ್ಪ, ಅಂದರೆ ನನ್ನ ಮಗ, ಚಿಕ್ಕವನಿದ್ದಾಗ ಆ ಗುಂಡಿಯಿಂದ ದಿನಕ್ಕೆ ನಾಲ್ಕು ಸಲ ಹತ್ತಿ ಓಡಿಹೋಗುತ್ತಿದ್ದ. ನಾನು ಬೆನ್ನಿಗೆ ಹೊಡೆದು ತಂದು ಹಾಕಿದರೂ ಮತ್ತೆ ಹತ್ತುತ್ತಿದ್ದ. ಅವನು ನನ್ನ ಮಾತು ಕೇಳಲಿಲ್ಲ, ಅದಕ್ಕೇ ಅವನ ಕಾಲು ಚೆನ್ನಾಗಿವೆ. ನನ್ನ ಮಾತು ಕೇಳಿದವರು ಇಬ್ಬರು.

ಸೊಸೆಗೆ ನಾನು ಚೇಳಿನ ಮಾತು ಎತ್ತಲಿಲ್ಲ. ‘ಟೀಚರಮ್ಮ ಬ್ಯಾರೇವ್ರ ಕಡೆ ಹೇಳಿ ಕಳಸಿದ್ಲು, ಪಾಪ. ಕಳಸೂಣು ಬಿಡು’ ಅಂದೆ. ಟೀಚರಮ್ಮ ಹೇಳಿ ಕಳಿಸಿರಲಿಲ್ಲ.

ಮರುದಿನ ಮೊಮ್ಮಗಳ ಕೈ ಹಿಡಿದು ನಾನೇ ಹೋದೆ. ಮಕ್ಕಳು ಒಳಗಿನಿಂದ ‘ತಾತ ವಚ್ಚಾಡು’, ತಾತ ಬಂದ, ಎಂದು ತೆಲುಗಿನಲ್ಲಿ ಕೂಗಿ ಬಾಗಿಲ ಹಿಂದೆ ಅಡಗಿದವು. ಅವಕ್ಕೆ ನಾನು ಬೈಯುವ ಮುದುಕ. ಟೀಚರಮ್ಮ ಒಬ್ಬಳೇ ಹೊರಗೆ ಬಂದಾಗ, ‘ನಂದ ತಪ್ಪಾತವ್ವ, ಮನಸ್ಸಿಗೆ ಹಚ್ಚಿಕೋಬ್ಯಾಡ’ ಅಂದೆ.

‘ಇರಲಿ ಬಿಡ್ರಿ ತಾತಾ. ಆವತ್ತು ನಾನೂ ಇಕೀ ಸನೇಕ ಇರಬೇಕಿತ್ತು. ಇಟ್ಟಂಗಿ ಎತ್ತರ ಆತು ಇಕಿಗೆ.’ ಬಾಗಿಲ ಕಡೆ ನೋಡಿ, ‘ನನಗ ಹೇಳಿದ್ದು ಸಾಕ್ರಿ. ಆದ್ರ ನೀವು ಅಂದಿದ್ದು ಎಲ್ಲಾರೂ ಕೇಳ್ಯಾರ. ಹುಡುಗ್ರು ಬರವಲ್ಲವು’ ಅಂದಳು.

ನಾನು ಮನೆಮನೆಗೆ ಹೋಗಿ ಕರೆದೆ. ‘ವಿಚಾರ ಮಾಡಿ ನೋಡಿದೆ, ಟೀಚರಮ್ಮ ಮಾಡೂದು ಬರೋಬರಿ ಐತಿ’ ಅಂದೆ. ‘ಏನ್ ತಾತಾ, ಅವತ್ತು ಆಕೀನ್ನ ನುಂಗಿ ಬಿಡಾವ್ರಂಗ ಇದ್ರಿ’ ಎಂದು ಒಬ್ಬ ಹೆಣ್ಣುಮಗಳು ಚುಚ್ಚಿದಳು. ಆದರೂ ಎಲ್ಲರೂ ನನ್ನನ್ನು ದೊಡ್ಡ ಮನಸ್ಸಿನವನು ಅಂದರು. ವಿಚಾರ ಮಾಡಿದ್ದು ನಾನಲ್ಲ, ಚೇಳು ಮಾಡಿಸಿತ್ತು.

ಮಕ್ಕಳು ಬಂದ ಮೇಲೆ ಟೀಚರಮ್ಮ ನನ್ನ ಹತ್ತಿರ ಹಳೆಯ ಸೀರೆಗಳನ್ನೂ ಹಗ್ಗವನ್ನೂ ತರಿಸಿದಳು. ‘ಈ ವಾರ ಮಗ್ಗ. ಹ್ಯಾಂಗ ನಡೀತೈತಿ, ಒಂದೊಂದ ಹೇಳ್ರಿ’ ಅಂದಳು. ನಾನು ಹೇಳಿದಂತೆ ಅವಳು ಮಕ್ಕಳಿಂದ ಮಗ್ಗ ಕಟ್ಟಿದಳು. ಒಂದು ಸಾಲು ಮಕ್ಕಳು ಹಾಸಿನ ಎಳೆಗಳು. ‘ಎಡ’ ಅಂದಾಗ ಒಬ್ಬರು ಬಿಟ್ಟು ಒಬ್ಬರು ಕೈ ಮೇಲೆತ್ತಿ ನೆಟ್ಟಗೆ ನಿಲ್ಲಬೇಕು, ಉಳಿದವರು ಕುಕ್ಕರಗಾಲಲ್ಲಿ ಕೂರಬೇಕು. ‘ಬಲ’ ಅಂದಾಗ ಅದಲುಬದಲು. ಲಾಳಿಯಾದ ಮಗು ಸೊಂಟಕ್ಕೆ ಸೀರೆಯ ತುದಿ ಕಟ್ಟಿಕೊಂಡು ನಿಂತವರ ಹಿಂದೆ, ಕೂತವರ ಮುಂದೆ ಓಡಬೇಕು. ಲಾಳಿ ಆಚೆ ಮುಟ್ಟಿದ ಕೂಡಲೇ ಎಲ್ಲರೂ ಎರಡೂ ಕಾಲು ಕೂಡಿಸಿ ಮುಂದಕ್ಕೆ ಜಿಗಿಯಬೇಕು; ಅದು ಅಡ್ಡ ನೂಲನ್ನು ಒತ್ತಿ ಕೂರಿಸುವ ಹಲಗೆಯ ಬಡಿತ.

‘ಬರೇ ಜಿಗೀರಿ ಅಂದ್ರ ಯಾರೂ ಜಿಗಿಯಂಗಿಲ್ಲ ತಾತಾ’ ಎಂದು ಅವಳು ನನಗೆ ಹೇಳಿದಳು. ‘ಹೊಳ್ಯಾಗ ಮಸಳಿ ಐತಿ ಅಂದ್ರ ಜಿಗೀತಾವು. ಅಕ್ಷರ ಹ್ಯಾಂಗೋ ಮೈಯೂ ಹಂಗ. ಓಡೂದು, ನಿಂದ್ರೂದು, ಎಸಿಯೂದು, ಹಿಡಿಯೂದು, ಬಿದ್ರ ಕೈ ಊರೂದು, ಒಂದೊಂದ ಕೂಡಿಸಿ ಓದಬೇಕು. ಈ ವಯಸ್ಸಿನ್ಯಾಗ ಬಿಟ್ರ ಆಮ್ಯಾಲ ನಾಚಿಕಿ ಬಂದು ಬಿಡತೈತಿ, ಕಲಿಯಂಗಿಲ್ಲ.’

ಕೊನೆಯ ಮಾತು ನನ್ನಲ್ಲಿ ಉಳಿಯಿತು.

ಮೊಮ್ಮಗಳು ಮೊದಲ ದಿನ ಮತ್ತೆ ಕಟ್ಟೆಯ ಮೇಲೆ ಕೂತಳು. ಟೀಚರಮ್ಮ ಅವಳನ್ನು ಎಬ್ಬಿಸಲಿಲ್ಲ. ‘ಕಾಲ ಮಣಿ ಯಾರು ತುಳೀತೀರಿ?’ ಎಂದು ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ಕಟ್ಟೆಯಿಂದ ಇಳಿಬಿಟ್ಟಿದ್ದ ಮೊಮ್ಮಗಳ ಪಾದಗಳು ಅಲುಗಾಡಿದವು. ಎಡ, ಬಲ, ಎಡ, ನಡುವೆ ಒಂದು ಸಣ್ಣ ನಿಲುಗಡೆ, ಮತ್ತೆ ಬಲ. ಆ ನಿಲುಗಡೆ ನನ್ನದು. ನನ್ನ ಬಲ ಮೊಣಕಾಲು ಹಿಡಿದಂತಾಗುವುದರಿಂದ ಅಲ್ಲೊಂದು ಕ್ಷಣ ತಡೆದು ತುಳಿಯುತ್ತೇನೆ. ಕಿಂಡಿಯಿಂದ ಅಷ್ಟು ದಿನ ನೋಡಿ ಅವಳು ಅದನ್ನೂ ಕಲಿತಿದ್ದಳು. ಅವಳ ಪಾದ ನೋಡಿಕೊಂಡು ಟೀಚರಮ್ಮ ‘ಎಡ, ಬಲ’ ಕೂಗಿದಳು. ಇಡೀ ಮಗ್ಗ ಎದ್ದಿತು, ಕೂತಿತು. ಮೊಮ್ಮಗಳು ಬೆರಗಾಗಿ ನೋಡಿದಳು, ತನ್ನ ಕಾಲು ಒತ್ತಿದರೆ ಅಷ್ಟು ಮಕ್ಕಳು ಏಳುತ್ತಾರೆ ಎಂದು.

ಅಲ್ಲಿಂದ ಕಟ್ಟೆ ಇಳಿದು ನಿಂತು ತುಳಿದಳು. ಕೆಲವು ದಿನಗಳ ಮೇಲೆ ಎಳೆಯಾದಳು. ಕುಕ್ಕರಗಾಲಲ್ಲಿ ಕೂತು ಏಳುವಾಗ ಪಕ್ಕದವನ ಅಂಗಿ ಹಿಡಿಯುತ್ತಿದ್ದಳು, ಅವನು ಬೈಯುತ್ತಿದ್ದ. ಎಷ್ಟೋ ಸಲ ಬಿದ್ದಳು. ಒಂದು ಸಲ ಬಿದ್ದಾಗ ಎರಡೂ ಕೈ ಮುಂದೆ ಬಂದು ನೆಲಕ್ಕೆ ಊರಿದವು. ಅಂಗೈ ತರಚಿತು, ಮುಖ ಉಳಿಯಿತು. ಅದನ್ನು ತೋರಿಸಲು ಓಡಿ ಬಂದಳು. ಓಡಿ ಬಂದದ್ದು ಅವಳಿಗೆ ಗೊತ್ತಾಗಲಿಲ್ಲ.

ಖಾಲಿ ಗುಂಡಿಯನ್ನು ಮುಚ್ಚಿಸೋಣ ಎಂದು ನಾನು ಸೊಸೆಗೆ ಹೇಳಿದೆ. ಟೀಚರಮ್ಮನ ಕಿವಿಗೆ ಅದು ಬಿದ್ದು, ಅದೂ ಒಂದು ವಾರದ ಆಟವಾಯಿತು. ಮಕ್ಕಳು ಸಣ್ಣ ಬುಟ್ಟಿಗಳಲ್ಲಿ ಮಣ್ಣು ಹೊತ್ತು ತಂದು ಸುರಿದವು. ನೀರು ಚಿಮುಕಿಸಿ, ಕೈ ಕೈ ಹಿಡಿದು ತುಳಿದವು. ನನ್ನ ಮಗ್ಗದ ಕಡೆ ಯಾರೂ ಬರದಂತೆ ಮೊಮ್ಮಗಳೇ ತೋಳು ಚಾಚಿ ಕಾವಲು ನಿಂತಳು. ಒಂದೇ ಒಂದು ಎಳೆಯೂ ಕಡಿಯಲಿಲ್ಲ. ಕಿಂಡಿ ಮಾತ್ರ ಅರ್ಧ ಉಳಿದಿದೆ. ನನ್ನ ಗುಂಡಿಯ ಕಡೆಯಿಂದ ನೋಡಿದರೆ ಅದರಲ್ಲಿ ಮಣ್ಣು ಕಾಣುತ್ತದೆ.

ಒಂದು ರಾತ್ರಿ ಊಟದ ಮೇಲೆ ಮೊಮ್ಮಗಳಿಗೂ ತಪ್ಪಾಯಿತು ಅಂದೆ. ‘ಎದಕ್ಕ?’ ಅಂದಳು. ‘ಗುಂಡ್ಯಾಗ ಕುಂದ್ರಸಿದ್ದಕ್ಕ.’ ಅವಳು ಸ್ವಲ್ಪ ಯೋಚಿಸಿ, ‘ಹಂಗಾರ ನನ್ನ ಹೆಗಲ ಮ್ಯಾಲ ಹೊತ್ತುಕೋ’ ಅಂದಳು. ಹೊತ್ತುಕೊಂಡೆ. ಅವಳ ಲೆಕ್ಕ ಮುಗಿಯಿತು.

ಕಳೆದ ಪಂಚಮಿಗೆ ಗದ್ವಾಲದಿಂದ ಮಗಳು ಬಂದಳು. ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಆಡುವುದು ನಮ್ಮ ಕಡೆಯ ಪದ್ಧತಿ. ಬಂದವಳು ಚೀಲ ಇಳಿಸುವ ಮೊದಲೇ ಮಗ್ಗದ ಕೋಣೆಗೆ ಬಂದು ನಿಂತಳು.

‘ಅಯ್ಯ, ನನ್ನ ಗುಂಡಿ ಮುಚ್ಚೀಯೇನಪ್ಪಾ?’

‘ಚೇಳು ಬರತಾವವ್ವ’ ಅಂದೆ.

ಅವಳು ಚಪ್ಪಲಿ ಬಿಟ್ಟು, ಗೋಡೆ ಹಿಡಿದು, ಆ ಹೊಸ ನೆಲದ ಮೇಲೆ ಮೆಲ್ಲಗೆ ಕಾಲಿಟ್ಟಳು. ಅಂಗಾಲಿನಿಂದ ಅದನ್ನು ಸವರಿದಳು. ‘ತಂಪಿರತಿತ್ತು ಒಳಗ’ ಅಂದಳು. ತನ್ನದೊಂದು ವಸ್ತು ಕಳೆದವರ ದನಿ ಅದು. ನಾನು ಅವಳಿಂದ ಏನು ಕಸಿದುಕೊಂಡಿದ್ದೆನೋ ಅದನ್ನೇ ಅವಳು ನನ್ನ ಪ್ರೀತಿಯ ಕುರುಹು ಎಂದು ಇಷ್ಟು ವರ್ಷ ಜೋಪಾನ ಮಾಡಿದ್ದಳು.

ಸಂಜೆ ಅಂಗನವಾಡಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಟೀಚರಮ್ಮನೂ ಇದ್ದಳು, ಆ ವಾರ ಮಕ್ಕಳ ಆಟವೂ ಜೋಕಾಲಿಯೇ. ಮೊಮ್ಮಗಳು ಹಲಗೆಯ ಮೇಲೆ ನಿಂತು, ಮೊಣಕಾಲು ಮಡಚಿ ಒತ್ತಿ, ತಾನೇ ಜೀಕಿದಳು. ಮಗಳು ಉಂಡೆಯ ಡಬ್ಬಿ ಹಿಡಿದು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ಪ್ರತಿ ವರ್ಷವೂ ಉಂಡೆ ಹಂಚುವವಳು ಅವಳೇ.

‘ಅತ್ತೀ, ಬಾ’ ಎಂದು ಮೊಮ್ಮಗಳು ಇಳಿದು ಬಂದು ಅವಳ ಕೈ ಎಳೆದಳು. ‘ನಾ ಹಿಡಕೊಂತೀನಿ. ಅಂಜಬ್ಯಾಡ.’

ಹೆಂಗಸರು ನಕ್ಕರು. ಮಗಳು ನಾಚುತ್ತ ಎದ್ದು ಹೋಗಿ ಹಲಗೆಯ ಮೇಲೆ ಕೂತಳು. ಎರಡೂ ಹಗ್ಗಗಳನ್ನು ಬೆರಳು ಬಿಳಿಚುವಷ್ಟು ಬಿಗಿಯಾಗಿ ಹಿಡಿದಳು. ಮೊಮ್ಮಗಳು ಹಿಂದಿನಿಂದ ತಳ್ಳಿದಳು. ಹಲಗೆ ಅಲುಗಿತು, ಮಗಳ ಹೆಬ್ಬೆರಳು ನೆಲ ಬಿಡಲಿಲ್ಲ. ಮಣ್ಣಿನಲ್ಲಿ ಎರಡು ಗೆರೆ ಬಿದ್ದವು.

‘ಕಾಲು ಎತ್ತು ಅತ್ತೀ, ಮಸಳಿ ಐತಿ ಕೆಳಗ.’

‘ಎತ್ತಾಕ ಬರಂಗಿಲ್ಲವ್ವ ನನಗ’ ಎಂದು ಮಗಳು ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, ‘ನನಗ ಕುಂದರೂದೊಂದ ಬರತೈತಿ. ಹೌದಿಲ್ಲೋ ಅಪ್ಪಾ? ಸಣ್ಣಾಕಿದ್ದಾಗ ಎಷ್ಟು ಛಂದ ಕುಂದರತಿದ್ದೆ ಅಂತ ನೀ ಊರಿಗೆಲ್ಲ ಹೇಳತಿದ್ದಿ’ ಅಂದಳು.

ಟೀಚರಮ್ಮ ನನ್ನನ್ನೇ ನೋಡಿದಳು. ಸೊಸೆಯೂ ನೋಡಿದಳು. ನಾನು ಎರಡು ಹೆಜ್ಜೆ ಮುಂದೆ ಹೋದೆ. ಹೇಳಬೇಕಾದ ಮಾತು ಬಾಯಿಯವರೆಗೆ ಬಂದಿತ್ತು. ಮಗಳು ಹಗ್ಗ ಹಿಡಿದು, ಮುಖ ಮೇಲೆತ್ತಿ, ನಾನು ಏನನ್ನುತ್ತೇನೆಂದು ಕಾಯುತ್ತಿದ್ದಳು. ಚಿಕ್ಕವಳಿದ್ದಾಗ ಗುಂಡಿಯಿಂದ ಹಾಗೇ ಮುಖ ಎತ್ತಿ ನೋಡುತ್ತಿದ್ದಳು.

‘ಹೌದವ್ವ’ ಅಂದೆ. ‘ನಿನ್ನಷ್ಟು ಛಂದ ಯಾರೂ ಕುಂತಿಲ್ಲ.’

ಅವಳ ಮುಖ ಅರಳಿತು. ನಾನು ಮತ್ತೊಮ್ಮೆ ಅವಳನ್ನು ಅಲ್ಲೇ ಕೂರಿಸಿದೆ.

ಮೂರನೆಯ ದಿನ ಅವಳನ್ನು ಗದ್ವಾಲಕ್ಕೆ ಕಳಿಸಲು ಬಸ್ ಸ್ಟ್ಯಾಂಡಿಗೆ ಹೋದೆ. ಬಸ್ಸು ಪೂರ್ತಿ ನಿಲ್ಲುವವರೆಗೆ ಕಾದಳು. ಎರಡೂ ಕೈಯಿಂದ ಕಂಬಿ ಹಿಡಿದು, ಒಂದು ಮೆಟ್ಟಿಲಿಗೆ ಎರಡೂ ಕಾಲು ಇಟ್ಟು, ಆಮೇಲೆ ಮುಂದಿನ ಮೆಟ್ಟಿಲು. ‘ಜಲ್ದಿ ಅಮ್ಮಾ’ ಎಂದು ಕಂಡಕ್ಟರ್ ಗೊಣಗಿದ. ಹಿಂದೆ ನಿಂತವರು ಚಡಪಡಿಸಿದರು. ನಾನು ಅವಳ ಚೀಲ ಹಿಡಿದು ಕೆಳಗೆ ನಿಂತಿದ್ದೆ. ಕಿಟಕಿಯಿಂದ ಚೀಲ ಇಸಿದುಕೊಂಡು, ‘ಮಳಿ ಬಂದೈತಿ, ಜಾರತೈತಿ. ಹುಷಾರಾಗಿ ನಡಿ ಅಪ್ಪಾ’ ಎಂದು ನನಗೇ ಹೇಳಿದಳು.

ಟೀಚರಮ್ಮನಿಗೆ ಹೇಳಿದೆ, ಓಣಿಯ ತಾಯಂದಿರಿಗೆ ಒಂದು ಬಗೆಯಲ್ಲಿ ಹೇಳಿದೆ, ಮೊಮ್ಮಗಳಿಗೆ ಹೇಳಿ ಹೆಗಲ ಮೇಲೆ ಹೊತ್ತುಕೊಂಡೆ. ತಪ್ಪಾಯಿತು ಎಂದು ಇವತ್ತಿನವರೆಗೂ ನಾನು ಹೇಳದೆ ಉಳಿದಿರುವುದು ಒಬ್ಬಳಿಗೆ, ಗದ್ವಾಲದಲ್ಲಿರುವ ನನ್ನ ಮಗಳಿಗೆ.